ಗ್ಯಾಸ್ ಬೇಡ, ಕಂಪ್ರೆಸರ್ ಬೇಡ, ಕರೆಂಟೂ ಬೇಡ: ಮ್ಯಾಗ್ನೆಟ್ ಫ್ರಿಡ್ಜ್ ಬಗ್ಗೆ ಹರಿದಾಡುತ್ತಿರುವ ಮಾತಿನಲ್ಲಿ ನಿಜವೆಷ್ಟು?

ಬೇಸಿಗೆ ಶುರುವಾಗುತ್ತಿದ್ದಂತೆ ವಾಟ್ಸಾಪ್‌ ಗುಂಪುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಬಗೆಯ ಸಂದೇಶ ನಿಮಗೂ ಬಂದಿರಬಹುದು. ವಿಜ್ಞಾನಿಗಳು ಮ್ಯಾಗ್ನೆಟ್‌ನಿಂದ ಓಡುವ ಫ್ರಿಡ್ಜ್ ಕಂಡುಹಿಡಿದಿದ್ದಾರೆ, ಅದಕ್ಕೆ ಗ್ಯಾಸ್ ಬೇಡ, ಕಂಪ್ರೆಸರ್ ಬೇಡ, ಕರೆಂಟೂ ಬೇಡ, ದೊಡ್ಡ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ ಎಂಬುದು ಅದರ ಸಾರ. ಕೆಲವು ಸಂದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯ ಫ್ರಿಡ್ಜಿಗೇ ನಾಲ್ಕು ಬಲವಾದ ಮ್ಯಾಗ್ನೆಟ್ ಅಂಟಿಸಿದರೆ ಬಿಲ್ ಅರ್ಧ ಆಗುತ್ತದೆ ಎನ್ನುತ್ತವೆ.

ಇದನ್ನು ನಗುತ್ತಾ ಬಿಟ್ಟುಬಿಡಬಹುದಿತ್ತು. ಆದರೆ ಓದುಗರೊಬ್ಬರು ನಮಗೆ ಕೇಳಿದ ಪ್ರಶ್ನೆ ಬೇರೆ ಥರ ಇತ್ತು. ಅವರ ತಾಯಿಗೆ ಇನ್ಸುಲಿನ್ ನಡೆಯುತ್ತಿದೆ, ಊರಿನಲ್ಲಿ ದಿನಕ್ಕೆ ಮೂರ್ನಾಲ್ಕು ಗಂಟೆ ಕರೆಂಟ್ ಹೋಗುತ್ತದೆ. 'ಫ್ರಿಡ್ಜಿಗೆ ಮ್ಯಾಗ್ನೆಟ್ ಅಂಟಿಸಿದರೆ ಕರೆಂಟ್ ಹೋದಾಗಲೂ ತಂಪು ಉಳಿಯುತ್ತದಾ?' ಎಂದು ಅವರು ಕೇಳಿದ್ದರು. ಔಷಧಿಯ ವಿಷಯ ಬಂದ ಮೇಲೆ ಇದು ತಮಾಷೆಯಾಗಿ ಉಳಿಯುವುದಿಲ್ಲ.

ಮೊದಲು ಉತ್ತರ ಹೇಳಿಬಿಡುತ್ತೇವೆ. ಮ್ಯಾಗ್ನೆಟ್ ಬಳಸಿ ತಂಪು ಮಾಡುವುದು ನಿಜ, ಅದರ ಹಿಂದೆ ನೂರು ವರ್ಷದ ವಿಜ್ಞಾನ ಇದೆ. ಕಂಪ್ರೆಸರ್ ಬೇಡ ಎಂಬುದೂ ನಿಜ. ಕರೆಂಟ್ ಬೇಡ ಎಂಬುದು ಸುಳ್ಳು. ಮನೆಯ ಫ್ರಿಡ್ಜಿಗೆ ಮ್ಯಾಗ್ನೆಟ್ ಅಂಟಿಸುವುದರಿಂದ ಏನೂ ಆಗುವುದಿಲ್ಲ. ಯಾಕೆ ಎಂದು ಅರ್ಥವಾಗಬೇಕಾದರೆ ಗ್ಯಾಡೋಲಿನಿಯಂ ಎಂಬ, ಹೆಚ್ಚಿನವರು ಹೆಸರೇ ಕೇಳಿರದ ಲೋಹದ ಪರಿಚಯ ಮಾಡಿಕೊಳ್ಳಬೇಕು.

ಮೊದಲು ಒಂದು ರಬ್ಬರ್ ಬ್ಯಾಂಡ್ ತಗೊಳ್ಳಿ

ಮನೆಯಲ್ಲಿರುವ ಸ್ವಲ್ಪ ಅಗಲವಾದ ರಬ್ಬರ್ ಬ್ಯಾಂಡ್ ಹುಡುಕಿ. ಅದನ್ನು ಸರಕ್ಕನೆ ಎಳೆದು, ಎಳೆದ ಹಾಗೆಯೇ ಮೇಲ್ದುಟಿಗೆ ತಾಗಿಸಿ. ಸಣ್ಣಗೆ ಬೆಚ್ಚಗಿರುತ್ತದೆ. ಹಾಗೇ ಹಿಡಿದುಕೊಂಡು ಅರ್ಧ ನಿಮಿಷ ಬಿಡಿ, ಆ ಬಿಸಿ ಗಾಳಿಗೆ ಹೋಗಲಿ. ಈಗ ಒಮ್ಮೆಲೇ ಸಡಿಲ ಬಿಟ್ಟು ಮತ್ತೆ ತುಟಿಗೆ ತಾಗಿಸಿ. ತಣ್ಣಗಿರುತ್ತದೆ.

ಎಳೆದಾಗ ಬಿಸಿ, ಬಿಟ್ಟಾಗ ತಂಪು. ರಬ್ಬರಿನೊಳಗೆ ಉದ್ದುದ್ದ ಎಳೆಯಂಥ ಅಣುಗಳು ಗೋಜಲಾಗಿ ಬಿದ್ದಿರುತ್ತವೆ. ಎಳೆದಾಗ ಅವು ಸಾಲಾಗಿ ನಿಲ್ಲುತ್ತವೆ. ಗೋಜಲು ಕಡಿಮೆಯಾಗುತ್ತದೆ. ಆದರೆ ಹೊರಗಿನಿಂದ ಶಾಖ ಬಂದು ಹೋಗಲು ಸಮಯ ಸಿಗದಷ್ಟು ಬೇಗ ಇದು ನಡೆದಾಗ, ಒಟ್ಟು ಗೋಜಲು ಕಡಿಮೆಯಾಗಲು ಪ್ರಕೃತಿ ಬಿಡುವುದಿಲ್ಲ. ಒಂದು ಕಡೆ ಕಡಿಮೆಯಾದದ್ದು ಇನ್ನೊಂದು ಕಡೆ ಹೆಚ್ಚಾಗಲೇಬೇಕು. ಹಾಗಾಗಿ ಅಣುಗಳ ಕಂಪನ ಹೆಚ್ಚುತ್ತದೆ. ಕಂಪನ ಹೆಚ್ಚುವುದೆಂದರೆ ಬಿಸಿಯಾಗುವುದು. ಸಡಿಲ ಬಿಟ್ಟಾಗ ಇದೇ ಆಟ ತಿರುವುಮುರುವಾಗುತ್ತದೆ.

ಈಗ ರಬ್ಬರಿನ ಜಾಗದಲ್ಲಿ ಗ್ಯಾಡೋಲಿನಿಯಂ ಲೋಹದ ತುಂಡನ್ನೂ, ಎಳೆಯುವ ಕೈಗಳ ಜಾಗದಲ್ಲಿ ಮ್ಯಾಗ್ನೆಟ್ಟನ್ನೂ ಇಟ್ಟುಕೊಳ್ಳಿ. ಲೋಹದ ಪ್ರತಿ ಪರಮಾಣುವೂ ಒಂದು ಪುಟಾಣಿ ಮ್ಯಾಗ್ನೆಟ್ ಇದ್ದ ಹಾಗೆ. ಸುಮ್ಮನಿದ್ದಾಗ ಅವು ಬೆಳಗಿನ ಪ್ರಾರ್ಥನೆಗೆ ಮುಂಚೆ ಶಾಲೆಯ ಮೈದಾನದಲ್ಲಿರುವ ಮಕ್ಕಳ ಹಾಗೆ ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ. ಬಲವಾದ ಕಾಂತಕ್ಷೇತ್ರ ಬಂದೊಡನೆ ಪಿಟಿ ಮಾಸ್ತರರ ಸೀಟಿ ಕೇಳಿದ ಹಾಗೆ ಒಂದೇ ದಿಕ್ಕಿಗೆ ತಿರುಗುತ್ತವೆ. ಶಿಸ್ತು ಬಂತು, ಅದರ ಬದಲಿಗೆ ಲೋಹ ಬಿಸಿಯಾಯಿತು. ಆ ಬಿಸಿಯನ್ನು ನೀರು ಹರಿಸಿ ಹೊರಗೆ ಸಾಗಿಸಬೇಕು. ಆಮೇಲೆ ಮ್ಯಾಗ್ನೆಟ್ ದೂರ ಸರಿಸಿದರೆ ಪರಮಾಣುಗಳು ಮತ್ತೆ ಚೆಲ್ಲಾಪಿಲ್ಲಿ. ಚೆಲ್ಲಾಪಿಲ್ಲಿಯಾಗಲು ಬೇಕಾದ ಶಕ್ತಿಯನ್ನು ಲೋಹದ ಕಂಪನದಿಂದಲೇ ಕಿತ್ತುಕೊಳ್ಳುತ್ತವೆ. ಲೋಹ ಮೊದಲಿಗಿಂತ ತಣ್ಣಗಾಗುತ್ತದೆ.

ಇದರ ಹೆಸರು ಮ್ಯಾಗ್ನೆಟೋಕ್ಯಾಲೊರಿಕ್ ಪರಿಣಾಮ. ಕನ್ನಡದಲ್ಲಿ ಕಾಂತ-ಉಷ್ಣ ಪರಿಣಾಮ ಎನ್ನಬಹುದು.

ಕಬ್ಬಿಣ ಯಾಕಾಗದು, ಗ್ಯಾಡೋಲಿನಿಯಮ್ಮೇ ಯಾಕೆ?

ಕಾಂತ ಗುಣ ಇರುವ ಪ್ರತಿ ಲೋಹಕ್ಕೂ ಒಂದು ಗಡಿ ಉಷ್ಣತೆ ಇರುತ್ತದೆ. ಅದಕ್ಕಿಂತ ಕೆಳಗೆ ಪರಮಾಣುಗಳು ತಾವಾಗಿಯೇ ಒಟ್ಟಾಗಿ ಸಾಲುಗಟ್ಟುತ್ತವೆ. ಅದಕ್ಕಿಂತ ಮೇಲೆ ಹೋದರೆ ಶಾಖದ ಅಲುಗಾಟ ಗೆದ್ದು ಸಾಲು ಒಡೆಯುತ್ತದೆ. ಪಿಯರ್ ಕ್ಯೂರಿಯ ಹೆಸರಿನಲ್ಲಿ ಇದನ್ನು ಕ್ಯೂರಿ ಉಷ್ಣತೆ ಎನ್ನುತ್ತಾರೆ. ಮೇಲೆ ಹೇಳಿದ ಬಿಸಿ-ತಂಪಿನ ಆಟ ಚೆನ್ನಾಗಿ ನಡೆಯುವುದು ಈ ಗಡಿಯ ಆಸುಪಾಸಿನಲ್ಲಿ ಮಾತ್ರ. ಗಡಿಗಿಂತ ತುಂಬಾ ಕೆಳಗೆ ಪರಮಾಣುಗಳು ಆಗಲೇ ಸಾಲಾಗಿ ನಿಂತಿರುತ್ತವೆ, ಮಾಸ್ತರರು ಸೀಟಿ ಊದಿ ಹೆಚ್ಚೇನೂ ಬದಲಾಗುವುದಿಲ್ಲ. ತುಂಬಾ ಮೇಲೆ ಹೋದರೆ ಗಲಾಟೆಯಲ್ಲಿ ಸೀಟಿಯೇ ಕೇಳಿಸುವುದಿಲ್ಲ.

ಕಬ್ಬಿಣದ ಕ್ಯೂರಿ ಉಷ್ಣತೆ ಸುಮಾರು 770 ಡಿಗ್ರಿ ಸೆಲ್ಸಿಯಸ್. ನಿಕ್ಕಲ್ಲಿನದು 355ರ ಹತ್ತಿರ. ಗ್ಯಾಡೋಲಿನಿಯಮ್ಮಿನದು ಸುಮಾರು 20 ಡಿಗ್ರಿ, ಅಂದರೆ ಬೆಂಗಳೂರಿನ ಒಂದು ಹಿತವಾದ ಬೆಳಗಿನ ಹವೆ. ಮನೆಯೊಳಗಿನ ಉಷ್ಣತೆಯಲ್ಲಿ ಈ ಕೆಲಸ ಮಾಡಬಲ್ಲ ಶುದ್ಧ ಲೋಹ ಇದೊಂದೇ ಎನ್ನಬಹುದು. ಐಸ್ ನೀರಿನಲ್ಲಿ ಅದ್ದಿ ತೆಗೆದ ಗ್ಯಾಡೋಲಿನಿಯಂ ತುಂಡು ಮ್ಯಾಗ್ನೆಟ್ಟಿಗೆ ಕಬ್ಬಿಣದ ಹಾಗೆ ಅಂಟಿಕೊಳ್ಳುತ್ತದೆ. ಬಿಸಿನೀರಿಗೆ ಹಾಕಿದರೆ ಆ ಅಂಟು ಬಿಡುತ್ತದೆ.

ಇದು ರೇರ್ ಅರ್ತ್ ಎಂದು ಕರೆಯುವ 17 ಲೋಹಗಳ ಗುಂಪಿಗೆ ಸೇರಿದ್ದು. ಪರಮಾಣು ಸಂಖ್ಯೆ 64. ಹೊರಗಿನ ಗಲಾಟೆ ಅಷ್ಟಾಗಿ ತಟ್ಟದ ಒಳಮನೆಯಲ್ಲಿ ಇದರ 7 ಎಲೆಕ್ಟ್ರಾನುಗಳು ಜೋಡಿಯಿಲ್ಲದೆ ಒಂಟಿಯಾಗಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿವೆ. ಆ ಒಳಮನೆಯಲ್ಲಿ ಒಂಟಿ ಎಲೆಕ್ಟ್ರಾನುಗಳು ಇದಕ್ಕಿಂತ ಹೆಚ್ಚು ಇರಲು ಸಾಧ್ಯವೇ ಇಲ್ಲ. ಇದರ ಕಾಂತ ಗುಣದ ಮೂಲ ಇದು. 1880ರಲ್ಲಿ ಪತ್ತೆಯಾದ ಈ ಲೋಹಕ್ಕೆ ಫಿನ್‌ಲ್ಯಾಂಡಿನ ರಸಾಯನಶಾಸ್ತ್ರಜ್ಞ ಯೋಹಾನ್ ಗ್ಯಾಡೋಲಿನ್ ಅವರ ಹೆಸರು ಬಂದಿದೆ.

ಅಂದ ಹಾಗೆ, ರೇರ್ ಎಂಬ ಹೆಸರು ನೋಡಿ ಇವು ಚಿನ್ನದಷ್ಟು ಅಪರೂಪ ಎಂದುಕೊಳ್ಳಬೇಡಿ. ಈ ಗುಂಪಿನ ಸೀರಿಯಂ ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಕಷ್ಟ ಇರುವುದು ಒಂದನ್ನೊಂದು ಬೇರ್ಪಡಿಸುವುದರಲ್ಲಿ. ರಾಸಾಯನಿಕ ಗುಣದಲ್ಲಿ ಇವು ಅವಳಿ ಮಕ್ಕಳಂತೆ ಹೋಲುತ್ತವೆ.

ಫ್ರಿಡ್ಜಿಗೆ ಮ್ಯಾಗ್ನೆಟ್ ಅಂಟಿಸಿದರೆ?

ಇದನ್ನು ಒಡೆದು ನೋಡೋಣ. ನಿಮ್ಮ ಫ್ರಿಡ್ಜಿನ ಮೈ ಉಕ್ಕಿನ ತಗಡು. ಅದರ ಗಡಿ ಉಷ್ಣತೆ ಎಲ್ಲೋ ನೂರಾರು ಡಿಗ್ರಿ ಮೇಲಿದೆ, ಅಡುಗೆಮನೆಯ ಶಾಖದಲ್ಲಿ ಈ ಪರಿಣಾಮ ಲೆಕ್ಕಕ್ಕೆ ಬರುವುದಿಲ್ಲ.

ಇರಲಿ, ಫ್ರಿಡ್ಜಿನ ಮೈಯೆಲ್ಲ ಗ್ಯಾಡೋಲಿನಿಯಂ ಎಂದೇ ಇಟ್ಟುಕೊಳ್ಳಿ. ಬಾಗಿಲಿಗೆ ಅಂಟಿಸುವ ಗೊಂಬೆ ಮ್ಯಾಗ್ನೆಟ್ಟಿನ ಬಲ ಒಂದು ಟೆಸ್ಲಾದ ನೂರನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಟೆಸ್ಲಾ ಎಂದರೆ ಕಾಂತಕ್ಷೇತ್ರವನ್ನು ಅಳೆಯುವ ಮಾನ. ಆಸ್ಪತ್ರೆಯ ಎಂಆರ್‌ಐ ಯಂತ್ರ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಪೂರ್ತಿ 1 ಟೆಸ್ಲಾ ಕೊಟ್ಟರೂ ಗ್ಯಾಡೋಲಿನಿಯಂ ಬಿಸಿಯಾಗುವುದು ಸುಮಾರು 3 ಡಿಗ್ರಿ. ಗೊಂಬೆ ಮ್ಯಾಗ್ನೆಟ್ಟಿಗೆ ಆಗುವ ವ್ಯತ್ಯಾಸವನ್ನು ಹಿಡಿಯಲು ಒಳ್ಳೆಯ ಉಪಕರಣವೇ ಬೇಕು.

ಅದೂ ಇರಲಿ, ಭಾರೀ ಮ್ಯಾಗ್ನೆಟ್ಟೇ ತಂದಿರಿ ಎನ್ನೋಣ. ಅಂಟಿಸಿ ಬಿಟ್ಟರೆ ಒಮ್ಮೆ ಬಿಸಿಯಾಗುತ್ತದೆ, ಆಮೇಲೆ ಸುತ್ತಲಿನ ಹವೆಗೆ ಹೊಂದಿಕೊಂಡು ಸುಮ್ಮನಾಗುತ್ತದೆ. ಗಮನಿಸಿ, ಮ್ಯಾಗ್ನೆಟ್ ಹತ್ತಿರ ತಂದಾಗ ಆಗುವುದು ತಂಪಲ್ಲ, ಬಿಸಿ. ತಂಪು ಸಿಗುವುದು ತೆಗೆದಾಗ. ಕಾಂತಕ್ಷೇತ್ರ ಬದಲಾದಾಗ ಮಾತ್ರ ಏನಾದರೂ ಆಗುತ್ತದೆ. ಅಂಟಿಕೊಂಡು ಕೂತ ಮ್ಯಾಗ್ನೆಟ್, ಎಳೆದು ಮೊಳೆಗೆ ಸಿಕ್ಕಿಸಿಟ್ಟ ರಬ್ಬರ್ ಬ್ಯಾಂಡಿನ ಹಾಗೆ.

ಹೇಳಬೇಕೆಂದರೆ ನಿಮ್ಮ ಫ್ರಿಡ್ಜಿನ ಬಾಗಿಲಿನ ರಬ್ಬರ್ ಅಂಚಿನೊಳಗೆ ಆಗಲೇ ಉದ್ದಕ್ಕೂ ಮ್ಯಾಗ್ನೆಟ್ ಪಟ್ಟಿ ಇದೆ. ಬಾಗಿಲು ತಾನಾಗಿ ಅಂಟಿಕೊಳ್ಳುವುದು ಅದರಿಂದಲೇ. ಮ್ಯಾಗ್ನೆಟ್ ಅಂಟಿಸಿದ ಮಾತ್ರಕ್ಕೆ ಬಿಲ್ ಇಳಿಯುವುದಾದರೆ ಎಲ್ಲರ ಬಿಲ್ಲೂ ಆಗಲೇ ಇಳಿದಿರಬೇಕಿತ್ತು.

'ಕರೆಂಟೇ ಬೇಡ' ಎಂಬ ಮಾತು ಎಲ್ಲಿ ಜಾರುತ್ತದೆ

ಶಾಶ್ವತ ಮ್ಯಾಗ್ನೆಟ್ಟಿಗೆ ಕರೆಂಟ್ ಬೇಡ, ಹಾಗಾಗಿ ಅದರಿಂದ ನಡೆಯುವ ಫ್ರಿಡ್ಜಿಗೂ ಬೇಡ ಎಂಬುದು ಈ ಸಂದೇಶಗಳ ತರ್ಕ. ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ, ಅದಕ್ಕೇ ಇದು ಹರಡುತ್ತದೆ.

ಆದರೆ ಲೋಹವನ್ನು ಮ್ಯಾಗ್ನೆಟ್ಟಿನೊಳಕ್ಕೂ ಹೊರಕ್ಕೂ ಯಾರಾದರೂ ಆಡಿಸುತ್ತಲೇ ಇರಬೇಕಲ್ಲ? ಒಳಗೆ ಹೋಗುವಾಗ ಮ್ಯಾಗ್ನೆಟ್ಟೇ ಎಳೆದುಕೊಳ್ಳುತ್ತದೆ, ಅಲ್ಲಿ ನಮಗೆ ಸ್ವಲ್ಪ ಲಾಭ. ಒಳಗೆ ಹೋದ ಲೋಹ ಬಿಸಿಯಾಗಿರುತ್ತದೆ, ಬಿಸಿ ಲೋಹದ ಕಾಂತ ಗುಣ ಕೊಂಚ ದುರ್ಬಲ. ಆ ಬಿಸಿಯನ್ನು ನೀರಿನಿಂದ ತೆಗೆದ ಮೇಲೆ ಲೋಹ ತಣ್ಣಗಾಗಿ ಇನ್ನೂ ಬಲವಾಗಿ ಮ್ಯಾಗ್ನೆಟ್ಟಿಗೆ ಕಚ್ಚಿಕೊಳ್ಳುತ್ತದೆ. ಈಗ ಹೊರಗೆ ಎಳೆಯಲು, ಒಳಗೆ ಹೋಗುವಾಗ ಸಿಕ್ಕ ಲಾಭಕ್ಕಿಂತ ಹೆಚ್ಚು ಬಲ ಬೇಕು. ಪ್ರತಿ ಸುತ್ತಿನಲ್ಲೂ ಈ ವ್ಯತ್ಯಾಸವನ್ನು ಮೋಟಾರು ತುಂಬಿಕೊಡಬೇಕು. ಜೊತೆಗೆ ನೀರು ಹರಿಸುವ ಪಂಪು, ಫ್ಯಾನು ಬೇರೆ. ಇದಕ್ಕೆಲ್ಲ ಕರೆಂಟ್ ಬೇಕೇ ಬೇಕು.

ಒಳಗಿನ ಶಾಖವನ್ನು ಹೊರಗಿನ ಹೆಚ್ಚು ಶಾಖದ ಕಡೆಗೆ ಸಾಗಿಸುವುದೆಂದರೆ ನೀರನ್ನು ಬಾವಿಯಿಂದ ಮೇಲಕ್ಕೆ ಸೇದಿದ ಹಾಗೆ. ಹಗ್ಗ, ಗಡಗಡೆ, ಪಂಪು ಏನೇ ಬದಲಾಯಿಸಿ, ಸೇದುವ ಶ್ರಮ ತಪ್ಪುವುದಿಲ್ಲ. ಶ್ರಮ ಸ್ವಲ್ಪ ಕಡಿಮೆಯಾಗಬಹುದೇ ಎಂಬುದಷ್ಟೇ ಪ್ರಶ್ನೆ.

ಇದನ್ನು ಕಂಡುಹಿಡಿದವರು ಯಾರು?

ಇಲ್ಲಿ ಫಾರ್ವರ್ಡ್ ಸಂದೇಶಗಳಷ್ಟೇ ಅಲ್ಲ, ಪುಸ್ತಕಗಳೂ ಬಹಳ ಕಾಲ ತಪ್ಪು ಹೇಳಿವೆ. 1881ರಲ್ಲಿ ಜರ್ಮನಿಯ ಎಮಿಲ್ ವಾರ್‌ಬರ್ಗ್ ಕಬ್ಬಿಣದಲ್ಲಿ ಇದನ್ನು ಕಂಡರು ಎಂದು ನೂರಾರು ಸಂಶೋಧನಾ ಲೇಖನಗಳ ಮೊದಲ ಸಾಲಿನಲ್ಲೇ ಇರುತ್ತದೆ. 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರೊಬ್ಬರು ಹಳೆಯ ಮೂಲ ಬರಹಗಳನ್ನು ತೆಗೆದು ಓದಿದಾಗ, ವಾರ್‌ಬರ್ಗ್ ನೋಡಿದ್ದು ಬೇರೆ ಸಂಗತಿ ಎಂದು ತಿಳಿಯಿತು. ಕಬ್ಬಿಣವನ್ನು ಮ್ಯಾಗ್ನೆಟ್ ಮಾಡಿ ಬಿಡಿಸುವಾಗ ಉಜ್ಜಾಟದಂತೆ ನಷ್ಟವಾಗುವ ಶಕ್ತಿ ಅದು. ಈ ಪರಿಣಾಮವನ್ನು ನಿಜಕ್ಕೂ ಗುರುತಿಸಿದವರು ಪಿಯರ್ ವೈಸ್ ಮತ್ತು ಆಗಸ್ಟ್ ಪಿಕಾರ್, 1917ರಲ್ಲಿ. 1.5 ಟೆಸ್ಲಾ ಕ್ಷೇತ್ರದಲ್ಲಿ ಕಾದ ನಿಕ್ಕಲ್ 0.7 ಡಿಗ್ರಿ ಬಿಸಿಯಾಗಿದ್ದನ್ನು ಅವರು ಅಳೆದರು. (ಈ ಪಿಕಾರ್ ಮುಂದೆ 1931ರಲ್ಲಿ ಬಲೂನಿನಲ್ಲಿ ವಾಯುಮಂಡಲದ ಮೇಲ್ಪದರಕ್ಕೆ ಏರಿ ಹೆಸರಾದವರು.) ಒಬ್ಬರು ಬರೆದದ್ದನ್ನು ಇನ್ನೊಬ್ಬರು ತೆಗೆದು ನೋಡದೆ ಮುಂದಕ್ಕೆ ದಾಟಿಸುವುದು ವಾಟ್ಸಾಪ್ ಬರುವ ಮುಂಚೆಯೂ ಇತ್ತು.

1920ರ ದಶಕದಲ್ಲಿ ಪೀಟರ್ ಡಿಬೈ ಮತ್ತು ವಿಲಿಯಂ ಜಿಯೋಕ್ ಬೇರೆ ಬೇರೆಯಾಗಿ ಒಂದೇ ಉಪಾಯ ಯೋಚಿಸಿದರು. ದ್ರವ ಹೀಲಿಯಂನಿಂದ ಇಳಿಸಬಹುದಾದ ಉಷ್ಣತೆಗೆ ಒಂದು ಮಿತಿ ಇದೆ, ಅದಕ್ಕಿಂತ ಕೆಳಗೆ ಹೋಗಲು ಮ್ಯಾಗ್ನೆಟ್ ಬಳಸಬಹುದಲ್ಲ ಎಂದು. 1933ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಜಿಯೋಕ್ ಮತ್ತು ಮ್ಯಾಕ್‌ಡೂಗಲ್ 61 ಗ್ರಾಂ ಗ್ಯಾಡೋಲಿನಿಯಂ ಸಲ್ಫೇಟ್ ಉಪ್ಪನ್ನು ಇದೇ ರೀತಿ ತಂಪು ಮಾಡಿ 0.25 ಕೆಲ್ವಿನ್ ಮುಟ್ಟಿದರು. ಅಂದರೆ ಜಗತ್ತಿನಲ್ಲಿ ಸಾಧ್ಯವಿರುವ ಅತಿ ಕನಿಷ್ಠ ಉಷ್ಣತೆಯಾದ ಮೈನಸ್ 273.15 ಡಿಗ್ರಿಗಿಂತ ಕಾಲು ಡಿಗ್ರಿ ಮೇಲೆ. ಅತಿ ಕಡಿಮೆ ಉಷ್ಣತೆಯ ಅಧ್ಯಯನಕ್ಕಾಗಿ ಜಿಯೋಕ್ ಅವರಿಗೆ 1949ರ ರಸಾಯನಶಾಸ್ತ್ರ ನೊಬೆಲ್ ಬಂತು.

ಮನೆಯ ಹವೆಯಲ್ಲಿ ಇದನ್ನು ಮಾಡಿ ತೋರಿಸಿದ್ದು 1976ರಲ್ಲಿ, ನಾಸಾದ ಜಿ. ವಿ. ಬ್ರೌನ್. ಗ್ಯಾಡೋಲಿನಿಯಂ ತಗಡುಗಳು, 7 ಟೆಸ್ಲಾ ಮ್ಯಾಗ್ನೆಟ್ ಮತ್ತು ನೀರು-ಆಲ್ಕೋಹಾಲ್ ಮಿಶ್ರಣ ಬಳಸಿ ಒಂದು ತುದಿ 46 ಡಿಗ್ರಿ, ಇನ್ನೊಂದು ತುದಿ ಮೈನಸ್ 1 ಡಿಗ್ರಿ ಇರುವಂತೆ ಮಾಡಿದರು. ಯಾರೂ ಏನನ್ನೂ ಮುಚ್ಚಿಡಲಿಲ್ಲ. ಎಲ್ಲವೂ ಅಚ್ಚಾಗಿದೆ.

3 ಡಿಗ್ರಿಯಿಂದ 35 ಡಿಗ್ರಿಗೆ ಹೋಗುವುದು ಹೇಗೆ

ಇಲ್ಲಿ ನಿಮಗೆ ಅನುಮಾನ ಬಂದಿರಬೇಕು. ಒಮ್ಮೆಗೆ ಸಿಗುವುದು ಮೂರೋ ನಾಲ್ಕೋ ಡಿಗ್ರಿ. ಏಪ್ರಿಲ್‌ನಲ್ಲಿ ಕಲಬುರಗಿಯ ಅಡುಗೆಮನೆ 40 ಡಿಗ್ರಿ, ಫ್ರಿಡ್ಜಿನೊಳಗೆ ಬೇಕಾಗಿರುವುದು 4 ಅಥವಾ 5. ನಡುವಿನ 35 ಡಿಗ್ರಿ ಎಲ್ಲಿಂದ ಬರಬೇಕು?

ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ಲ. ಏಣಿಯ ಉದ್ದಕ್ಕೂ ಆಳುಗಳು ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಒಬ್ಬೊಬ್ಬರು ಎತ್ತುವುದು ಎರಡು ಮೂರು ಅಡಿ ಮಾತ್ರ, ಆದರೆ ಬಾಂಡ್ಲಿ ಎರಡನೇ ಮಹಡಿ ತಲುಪುತ್ತದೆ. ಬ್ರೌನ್ ಅವರ ನಂತರ ಬಂದ ಯಂತ್ರಗಳು ಮಾಡುವುದೂ ಇದನ್ನೇ. ಗ್ಯಾಡೋಲಿನಿಯಮ್ಮನ್ನು ಸಣ್ಣ ಗುಂಡುಗಳಾಗಿಯೋ ತೆಳು ತಗಡುಗಳಾಗಿಯೋ ಮಾಡಿ ಒಂದು ಕೊಳವೆಯಲ್ಲಿ ತುಂಬುತ್ತಾರೆ. ಮ್ಯಾಗ್ನೆಟ್ ಬಂದಾಗ ನೀರನ್ನು ಒಂದು ಕಡೆಗೆ, ಹೋದಾಗ ಇನ್ನೊಂದು ಕಡೆಗೆ ತಳ್ಳುತ್ತಾರೆ. ಕೊಳವೆಯ ಪ್ರತಿ ಭಾಗವೂ ತನ್ನ ಪಾಲಿನ ಶಾಖವನ್ನು ಪಕ್ಕದ ಭಾಗಕ್ಕೆ ದಾಟಿಸುತ್ತದೆ. ಕೆಲವು ನೂರು ಸುತ್ತು ಕಳೆಯುವ ಹೊತ್ತಿಗೆ ಒಂದು ತುದಿ ಬಿಸಿ, ಇನ್ನೊಂದು ತುದಿ ತಣ್ಣಗೆ.

ಆದರೆ ಇದರಲ್ಲಿ ಒಂದು ತೊಡಕಿದೆ. ತಣ್ಣನೆ ತುದಿ 5 ಡಿಗ್ರಿಗೆ ಇಳಿದಾಗ ಅಲ್ಲಿನ ಗ್ಯಾಡೋಲಿನಿಯಂ ತನ್ನ 20 ಡಿಗ್ರಿಯ ಗಡಿಯಿಂದ ದೂರ ಬಂದಿರುತ್ತದೆ, ಕೆಲಸ ಮಂದವಾಗುತ್ತದೆ. ಏಣಿಯ ಪ್ರತಿ ಮೆಟ್ಟಿಲಿಗೂ ಆ ಎತ್ತರಕ್ಕೆ ತಕ್ಕ ಆಳು ಬೇಕು. ಮಿಶ್ರಲೋಹಗಳು ಬೇಕಾಗುವುದು ಈ ಕಾರಣಕ್ಕೆ.

ಗ್ಯಾಡೋಲಿನಿಯಂಗೆ ಟರ್ಬಿಯಂ, ಡಿಸ್ಪ್ರೋಸಿಯಂ ಅಥವಾ ಎರ್ಬಿಯಂ ಬೆರೆಸಿದರೆ ಗಡಿ ಉಷ್ಣತೆ ಕೆಳಗಿಳಿಯುತ್ತದೆ. ಹೆಚ್ಚು ಬೆರೆಸಿದಷ್ಟೂ ಹೆಚ್ಚು ಇಳಿಕೆ. ಹೀಗೆ ಬೇರೆ ಬೇರೆ ಮಿಶ್ರಣಗಳನ್ನು ಪದರ ಪದರವಾಗಿ ತುಂಬಿ, ಪ್ರತಿ ಪದರವೂ ತನಗೆ ಹಿತವಾದ ಉಷ್ಣತೆಯಲ್ಲಿ ದುಡಿಯುವಂತೆ ಮಾಡಬಹುದು.

1997ರಲ್ಲಿ ಅಮೆರಿಕದ ಏಮ್ಸ್ ಪ್ರಯೋಗಾಲಯದ ವಿಟಾಲಿ ಪೆಚಾರ್ಸ್ಕಿ ಮತ್ತು ಕಾರ್ಲ್ ಶ್ನೈಡ್ನರ್ ಪ್ರಕಟಿಸಿದ ಲೇಖನ ಈ ಕ್ಷೇತ್ರಕ್ಕೆ ಹೊಸ ಜೀವ ಕೊಟ್ಟಿತು. ಐದು ಪಾಲು ಗ್ಯಾಡೋಲಿನಿಯಂ, ಎರಡು ಪಾಲು ಸಿಲಿಕಾನ್, ಎರಡು ಪಾಲು ಜರ್ಮೇನಿಯಂ ಪರಮಾಣುಗಳ ಸಂಯುಕ್ತವೊಂದು, 3 ಡಿಗ್ರಿ ಸೆಲ್ಸಿಯಸ್ ಹತ್ತಿರ ಶುದ್ಧ ಗ್ಯಾಡೋಲಿನಿಯಮ್ಮಿಗಿಂತ ಎಷ್ಟೋ ಬಲವಾದ ಪರಿಣಾಮ ತೋರಿಸಿತು. ಇದರಲ್ಲಿ ಪರಮಾಣುಗಳ ಮುಖ ತಿರುಗುವುದಷ್ಟೇ ಅಲ್ಲ, ಅವು ಕೂತಿರುವ ಜೋಡಣೆಯೇ ಆ ಕ್ಷಣದಲ್ಲಿ ಬದಲಾಗುತ್ತದೆ. ಎರಡೂ ಸೇರಿ ಪರಿಣಾಮ ದೊಡ್ಡದಾಗುತ್ತದೆ. ಸಿಲಿಕಾನ್ ಮತ್ತು ಜರ್ಮೇನಿಯಂ ಪ್ರಮಾಣ ಬದಲಿಸಿದರೆ ಗಡಿ ಉಷ್ಣತೆಯನ್ನು ಬೇಕಾದ ಕಡೆ ಸರಿಸಬಹುದು. ಶ್ನೈಡ್ನರ್ ಅವರನ್ನು ಈ ವಲಯದವರು 'ಮಿಸ್ಟರ್ ರೇರ್ ಅರ್ತ್' ಎಂದೇ ಕರೆಯುತ್ತಿದ್ದರು.

ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುವ ಇಂಥ ಲೋಹಗಳಿಗೆ ಒಂದು ಕೆಟ್ಟ ಚಾಳಿ ಇರುತ್ತದೆ, ಫಾರ್ವರ್ಡ್‌ಗಳಲ್ಲಿ ಅದು ಬರುವುದೇ ಇಲ್ಲ. ಜೋಡಣೆ ಬದಲಾಗಿ ಮತ್ತೆ ಮೊದಲಿನಂತಾಗುವಾಗ ಇವು ಹಟ ಹಿಡಿಯುತ್ತವೆ. ಹೋದ ದಾರಿಯಲ್ಲೇ ಹಿಂದಿರುಗುವುದಿಲ್ಲ, ಪ್ರತಿ ಸುತ್ತಿನಲ್ಲೂ ಸ್ವಲ್ಪ ಶಕ್ತಿ ವ್ಯರ್ಥವಾಗಿ ಶಾಖವಾಗುತ್ತದೆ. 2004ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ವಿಜ್ಞಾನಿಗಳು ಈ ಸಂಯುಕ್ತಕ್ಕೆ ಸ್ವಲ್ಪವೇ ಕಬ್ಬಿಣ ಸೇರಿಸಿ ಆ ನಷ್ಟವನ್ನು 90 ಶೇಕಡಕ್ಕಿಂತ ಹೆಚ್ಚು ಕಡಿಮೆ ಮಾಡಿ ತೋರಿಸಿದರು. ಲ್ಯಾಂಥನಂ, ಕಬ್ಬಿಣ, ಸಿಲಿಕಾನ್ ಸೇರಿದ ಇನ್ನೊಂದು ಮಿಶ್ರಲೋಹ ಅಗ್ಗ, ಅದಕ್ಕೆ ಹೈಡ್ರೋಜನ್ ತುಂಬಿದರೆ ಗಡಿ ಉಷ್ಣತೆ ಮನೆಯ ಹವೆಗೆ ಬರುತ್ತದೆ. ಆದರೆ ಪ್ರತಿ ಸಲ ಹಿಗ್ಗಿ ಕುಗ್ಗಿ ಬಿರುಕು ಬಿಟ್ಟು ಪುಡಿಯಾಗುವ ಗುಣ ಅದಕ್ಕಿದೆ. ಫ್ರಿಡ್ಜ್ ಸೆಕೆಂಡಿಗೆ ಒಂದೆರಡು ಸುತ್ತು ತಿರುಗಿದರೂ ಹತ್ತು ವರ್ಷದಲ್ಲಿ ಅದು ಹತ್ತಾರು ಕೋಟಿ ಸಲ ಹಿಗ್ಗಿ ಕುಗ್ಗಬೇಕು. ಲ್ಯಾಬಿನಲ್ಲಿ ಒಮ್ಮೆ ತೋರಿಸುವುದಕ್ಕೂ ಅಡುಗೆಮನೆಯಲ್ಲಿ ಹತ್ತು ವರ್ಷ ಓಡುವುದಕ್ಕೂ ಇರುವ ವ್ಯತ್ಯಾಸ ಇದು. ಗ್ಯಾಡೋಲಿನಿಯಂ ಕೂಡ ನೀರಿನಲ್ಲಿ ತುಕ್ಕು ಹಿಡಿಯುತ್ತದೆ, ಅದಕ್ಕೂ ನೀರಿಗೆ ರಕ್ಷಕ ರಾಸಾಯನಿಕ ಬೆರೆಸಬೇಕು.

ಹಾಗಾದರೆ ಅಂಗಡಿಗೆ ಯಾಕೆ ಬಂದಿಲ್ಲ?

ಪ್ರಯತ್ನ ಆಗಿಲ್ಲವೆಂದಲ್ಲ. 2015ರ ಜನವರಿಯಲ್ಲಿ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಹಾಯರ್ ಕಂಪನಿಯು ಬಿಎಎಸ್‌ಎಫ್ ಮತ್ತು ಆಸ್ಟ್ರೊನಾಟಿಕ್ಸ್ ಜೊತೆ ಸೇರಿ ಮ್ಯಾಗ್ನೆಟ್‌ನಿಂದ ತಂಪಾಗುವ ವೈನ್ ಪೆಟ್ಟಿಗೆಯ ಮಾದರಿ ಇಟ್ಟಿತ್ತು. ಫಾರ್ವರ್ಡ್‌ಗಳು ಹೇಳುವ 'ಕಂಪನಿಗಳ ಪಿತೂರಿ'ಗೆ ಇದು ಸರಿಹೊಂದುವುದಿಲ್ಲ. ಫ್ರಿಡ್ಜ್ ಮಾರುವ ಕಂಪನಿಯೇ ಮುಂದೆ ನಿಂತು ತೋರಿಸಿದೆ. ಯುರೋಪಿನಲ್ಲಿ ಪಾನೀಯದ ತಂಪು ಪೆಟ್ಟಿಗೆಗಳನ್ನು ಈ ವಿಧಾನದಲ್ಲಿ ಮಾಡುವ ಸಣ್ಣ ಕಂಪನಿಗಳಿವೆ.

ಅಡ್ಡಿ ಇರುವುದು ದುಡ್ಡಿನಲ್ಲಿ. 1 ಟೆಸ್ಲಾಗಿಂತ ಹೆಚ್ಚು ಬಲ ಕೊಡುವ ಮ್ಯಾಗ್ನೆಟ್ ಎಂದರೆ ನಿಯೋಡೈಮಿಯಂ-ಕಬ್ಬಿಣ-ಬೋರಾನ್ ಮ್ಯಾಗ್ನೆಟ್ ಕಿಲೋಗಟ್ಟಲೆ ಬೇಕು. ಇದೂ ರೇರ್ ಅರ್ತ್ ಗುಂಪಿನದೇ. ನಮ್ಮ ಈಗಿನ ಫ್ರಿಡ್ಜಿನ ಕಂಪ್ರೆಸರ್ ನೂರು ವರ್ಷದಿಂದ ತಿದ್ದಿ ತೀಡಿದ ಯಂತ್ರ, ಅಗ್ಗ, ಹದಿನೈದು ವರ್ಷ ಸಲೀಸಾಗಿ ಬಾಳುತ್ತದೆ. ಮ್ಯಾಗ್ನೆಟ್ ಫ್ರಿಡ್ಜ್ 20–30 ಶೇಕಡ ಕರೆಂಟ್ ಉಳಿಸಬಹುದು ಎಂಬ ಅಂಕಿ ಎಲ್ಲೆಡೆ ಕಾಣುತ್ತದೆ. ಅದು ಸಾಧ್ಯತೆಯ ಲೆಕ್ಕ, ಅಂಗಡಿಯಲ್ಲಿ ಸಿಗುವ ಯಾವುದೋ ಮಾಡೆಲ್ಲಿನ ಫಲಿತಾಂಶವಲ್ಲ.

ಪರಿಸರದ ವಾದವನ್ನೂ ಸ್ವಲ್ಪ ನೋಡಿಯೇ ಒಪ್ಪಬೇಕು. ಹಳೆಯ ಫ್ರಿಡ್ಜುಗಳಲ್ಲಿದ್ದ ಆರ್-134ಎ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಕೆಟ್ಟದ್ದು. ಈಗ ಬರುವ ಬಹುಪಾಲು ಮನೆ ಫ್ರಿಡ್ಜುಗಳಲ್ಲಿ ಆರ್-600ಎ, ಅಂದರೆ ಐಸೋಬ್ಯೂಟೇನ್ ಇರುತ್ತದೆ. ಅದರಿಂದ ಆ ತೊಂದರೆ ಬಹಳ ಕಡಿಮೆ. ನಿಮ್ಮ ಫ್ರಿಡ್ಜಿನ ಹಿಂದಿನ ಚೀಟಿ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ಕಡೆ ರೇರ್ ಅರ್ತ್ ಗಣಿ ಮತ್ತು ಶುದ್ಧೀಕರಣ ಕೊಳಕು ಕೆಲಸ, ಆಮ್ಲ ಮತ್ತು ವಿಕಿರಣಶೀಲ ತ್ಯಾಜ್ಯ ಬಿಡುವಂಥದ್ದು. ನಮ್ಮ ಅಭಿಪ್ರಾಯ ಕೇಳಿದರೆ, ಮನೆಯ ಫ್ರಿಡ್ಜಿಗಿಂತ ದೊಡ್ಡ ಅಂಗಡಿಗಳ ತಂಪು ಯಂತ್ರಗಳಲ್ಲಿ ಈ ತಂತ್ರ ಮೊದಲು ಗೆಲ್ಲಬಹುದು.

ಇನ್ನು ಪೂರೈಕೆ. ರೇರ್ ಅರ್ತ್ ಶುದ್ಧೀಕರಣದಲ್ಲಿ ಚೀನಾದ್ದೇ ಮೇಲುಗೈ. 2025ರ ಏಪ್ರಿಲ್‌ನಲ್ಲಿ ಆ ದೇಶ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ 7 ರೇರ್ ಅರ್ತ್‌ಗಳ ಪಟ್ಟಿಯಲ್ಲಿ ಗ್ಯಾಡೋಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಮೂರೂ ಇವೆ. ಭಾರತದಲ್ಲಿ ಕೇರಳ, ತಮಿಳುನಾಡು, ಒಡಿಶಾ ಕಡಲತೀರದ ಮರಳಿನಲ್ಲಿ ಮೋನಜೈಟ್ ಖನಿಜ ಸಾಕಷ್ಟಿದೆ, 1950ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಐಆರ್‌ಇಎಲ್ ಅದನ್ನು ತೆಗೆಯುತ್ತದೆ. ಆದರೆ ಅದರಲ್ಲಿ ಹೆಚ್ಚಾಗಿರುವುದು ಸೀರಿಯಂ, ಲ್ಯಾಂಥನಂ, ನಿಯೋಡೈಮಿಯಂನಂಥ ಹಗುರ ಲೋಹಗಳು. ಭಾರದ ಲೋಹಗಳ ಪಾಲು ಕಡಿಮೆ.

ಸದ್ದಿಲ್ಲದೆ ಆಗಲೇ ಕೆಲಸ ಮಾಡುತ್ತಿರುವ ಜಾಗಗಳು

ನಿಮ್ಮೂರಿನ ದೊಡ್ಡ ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ರೇರ್ ಅರ್ತ್ ಮಿಶ್ರಲೋಹ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಆ ಯಂತ್ರದ ಮ್ಯಾಗ್ನೆಟ್ ದ್ರವ ಹೀಲಿಯಂನಲ್ಲಿ, ಮೈನಸ್ 269 ಡಿಗ್ರಿ ಹತ್ತಿರ ಇರಬೇಕು. ಹೀಲಿಯಂ ಆವಿಯಾಗಿ ಹೋಗದಂತೆ ತಂಪು ಕಾಯುವ ಯಂತ್ರದೊಳಗೆ ಎರ್ಬಿಯಂ-ನಿಕ್ಕಲ್, ಹೋಲ್ಮಿಯಂ-ತಾಮ್ರದಂಥ ಮಿಶ್ರಲೋಹದ ಸಣ್ಣ ಗುಂಡುಗಳನ್ನು ಬಳಸುತ್ತಾರೆ. ಅಷ್ಟು ತಂಪಿನಲ್ಲಿ ಸೀಸದಂಥ ಸಾಮಾನ್ಯ ಲೋಹಗಳು ಶಾಖ ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತವೆ. ಇವುಗಳ ಕಾಂತ ಗಡಿ ಮಾತ್ರ ಸರಿಯಾಗಿ ಅಲ್ಲೇ ಇರುವುದರಿಂದ ಇವು ಶಾಖವನ್ನು ಹಿಡಿದು ಬಿಡಬಲ್ಲವು. ಇದು ಮ್ಯಾಗ್ನೆಟ್ ಆಡಿಸುವ ಫ್ರಿಡ್ಜ್ ಅಲ್ಲ, ಆದರೆ ಅದೇ ಗುಣದ ಇನ್ನೊಂದು ಉಪಯೋಗ.

ಮ್ಯಾಗ್ನೆಟ್ ಆಡಿಸುವ ನಿಜವಾದ ಫ್ರಿಡ್ಜ್ ಬಾಹ್ಯಾಕಾಶದಲ್ಲಿದೆ. 2023ರ ಸೆಪ್ಟೆಂಬರ್‌ನಲ್ಲಿ ಜಪಾನ್ ಹಾರಿಸಿದ ಎಕ್ಸ್‌ರಿಸ್ಮ್ ದೂರದರ್ಶಕದ ಒಂದು ಉಪಕರಣವನ್ನು, 1933ರ ಅದೇ ಉಪಾಯದಿಂದ, ಕನಿಷ್ಠ ಉಷ್ಣತೆಗಿಂತ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟೇ ಮೇಲೆ ಇಟ್ಟಿದ್ದಾರೆ. ಹೈಡ್ರೋಜನ್ ಅನಿಲವನ್ನು ಮೈನಸ್ 253 ಡಿಗ್ರಿಯಲ್ಲಿ ದ್ರವ ಮಾಡಲು ಹೋಲ್ಮಿಯಂ, ಎರ್ಬಿಯಂ, ಡಿಸ್ಪ್ರೋಸಿಯಂ ಸಂಯುಕ್ತಗಳನ್ನು ಬಳಸುವ ಸಂಶೋಧನೆಯೂ ಜೋರಾಗಿ ನಡೆಯುತ್ತಿದೆ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಕಂಪ್ಯೂಟರಿಗೆ ಹಳೆಯ ಮಾಹಿತಿ ಕಲಿಸಿ, ಹೋಲ್ಮಿಯಂ-ಬೋರಾನ್ ಸಂಯುಕ್ತವೊಂದರಲ್ಲಿ ಈ ಉಷ್ಣತೆಯ ಹತ್ತಿರ ಭಾರೀ ಪರಿಣಾಮ ಇರುವುದನ್ನು ಕಂಡುಕೊಂಡರು.

ಎಂಆರ್‌ಐ ಇಂಜೆಕ್ಷನ್ನಿನಲ್ಲೂ ಇದೇ ಲೋಹ ಅಲ್ಲವೇ?

ಹೌದು. ಸ್ಕ್ಯಾನ್ ಮಾಡುವಾಗ ಚಿತ್ರ ಸ್ಪಷ್ಟವಾಗಲು ಕೊಡುವ 'ಕಾಂಟ್ರಾಸ್ಟ್' ಇಂಜೆಕ್ಷನ್ನಿನಲ್ಲಿ ಗ್ಯಾಡೋಲಿನಿಯಂ ಇರುತ್ತದೆ. ಅದು ದೇಹವನ್ನು ಬಿಸಿ ಮಾಡುತ್ತದೆ, ಮ್ಯಾಗ್ನೆಟ್ ಮಾಡಿಬಿಡುತ್ತದೆ ಎಂಬುದು ಸುಳ್ಳು. ಆದರೆ ಪೂರ್ತಿ ನಿರಪಾಯಕಾರಿ ಎಂದೂ ಹೇಳಲಾಗದು. ಬಿಡಿ ಗ್ಯಾಡೋಲಿನಿಯಂ ದೇಹಕ್ಕೆ ವಿಷ, ಅದಕ್ಕೇ ಅದನ್ನು ಇನ್ನೊಂದು ಅಣುವಿನ ಪಂಜರದಲ್ಲಿ ಬಿಗಿಯಾಗಿ ಹಿಡಿದಿಟ್ಟು ಕೊಡುತ್ತಾರೆ. ಕಿಡ್ನಿ ತೀರಾ ಹಾಳಾದವರಲ್ಲಿ ಅದು ಬೇಗ ಹೊರಹೋಗದೆ, ಚರ್ಮ ಗಟ್ಟಿಯಾಗುವ ಗಂಭೀರ ಕಾಯಿಲೆಗೆ ಕಾರಣವಾಗಬಹುದು ಎಂದು 2006ರಲ್ಲಿ ತಿಳಿಯಿತು. ಪಂಜರ ಸಡಿಲವಿರುವ ಕೆಲವು ಔಷಧಿಗಳನ್ನು ಯುರೋಪಿನಲ್ಲಿ 2017ರಲ್ಲಿ ತಡೆಹಿಡಿದರು. ಕಿಡ್ನಿ ತೊಂದರೆ ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಸ್ಕ್ಯಾನಿಗೆ ಮೊದಲೇ ಡಾಕ್ಟರಿಗೆ ಹೇಳಿ. ಫಾರ್ವರ್ಡ್ ಓದಿ ಸ್ಕ್ಯಾನನ್ನೇ ಬಿಡಬೇಡಿ.

ಇನ್ನೊಂದು ಮಾತು. ಆನ್‌ಲೈನ್‌ನಲ್ಲಿ ಸಿಗುವ ಬಲವಾದ ನಿಯೋಡೈಮಿಯಂ ಮ್ಯಾಗ್ನೆಟ್ಟುಗಳನ್ನು ಇಂಥ ಪ್ರಯೋಗಕ್ಕೆ ತರಿಸುವ ಮುಂಚೆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಯೇ ನೋಡಿ. ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಹೊಟ್ಟೆಯೊಳಗೆ ಒಂದನ್ನೊಂದು ಎಳೆದು ನಡುವೆ ಕರುಳನ್ನು ಚಿವುಟುತ್ತವೆ, ಕರುಳು ತೂತಾಗುತ್ತದೆ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೋಗಿ. ಪೇಸ್‌ಮೇಕರ್ ಇರುವವರೂ ಎದೆಯ ಹತ್ತಿರ ಇವನ್ನು ತರಬಾರದು.

ಇನ್ಸುಲಿನ್ ಪ್ರಶ್ನೆಗೆ

ಆ ಓದುಗರಿಗೆ ನಾವು ಬರೆದ ಉತ್ತರವನ್ನು ಇಲ್ಲೂ ಕೊಡುತ್ತೇವೆ, ಬೇಸಿಗೆಯಲ್ಲಿ ಇನ್ನೂ ಹಲವರಿಗೆ ಬೇಕಾಗಬಹುದು. ಕರೆಂಟ್ ಹೋದಾಗ ಬಾಗಿಲು ತೆಗೆಯದೆ ಬಿಟ್ಟರೆ ಫ್ರಿಡ್ಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಹಾಗಾಗಿ ದಿನಕ್ಕೆ ಮೂರ್ನಾಲ್ಕು ಗಂಟೆಯ ಕಡಿತಕ್ಕೆ ಹೆದರಬೇಕಾಗಿಲ್ಲ, ಪದೇ ಪದೇ ತೆರೆದು ನೋಡದಿದ್ದರೆ ಸಾಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರುವ ಬಾಟಲಿ ಅಥವಾ ಪೆನ್ ಹೆಚ್ಚಿನ ಬ್ರ್ಯಾಂಡುಗಳಲ್ಲಿ 25ರಿಂದ 30 ಡಿಗ್ರಿಯೊಳಗೆ ಸುಮಾರು 4 ವಾರ ಹೊರಗೇ ಇರಬಹುದು. ನಿಮ್ಮದಕ್ಕೆ ಎಷ್ಟು ದಿನ ಎಂಬುದು ಡಬ್ಬದೊಳಗಿನ ಚೀಟಿಯಲ್ಲಿರುತ್ತದೆ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬರುವುದಿಲ್ಲ.

ಕಡಿತ ಇನ್ನೂ ಉದ್ದವಾದರೆ ಹಳೆಯ ಉಪಾಯವಿದೆ. ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕದೊಂದನ್ನು ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಔಷಧಿಯನ್ನು ನೀರು ತಾಗದ ಹಾಗೆ ಕವರಿನಲ್ಲಿ ಕಟ್ಟಿ ಒಳಗಿಟ್ಟು, ಗಾಳಿ ಆಡುವ ನೆರಳಿನಲ್ಲಿ ಇಡಬೇಕು. ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಒಣ ಹವೆಯ ರಾಯಚೂರು, ಬಳ್ಳಾರಿ ಕಡೆ ಇದು ಹೊರಗಿಗಿಂತ ಹಲವು ಡಿಗ್ರಿ ತಂಪು ಕೊಡುತ್ತದೆ. ಗಾಳಿಯಲ್ಲೇ ನೀರು ತುಂಬಿರುವ ಮಂಗಳೂರು, ಕಾರವಾರ ಕಡೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ, ಔಷಧಿಗೆ ನೇರವಾಗಿ ತಾಗದಂತೆ ಥರ್ಮೊಕೋಲ್ ಡಬ್ಬದಲ್ಲಿ ಇಡುವುದು ಮೇಲು.